ಅಪ್ಪಣೆ

ಕಳೆದ ವರ್ಷ ಶ್ರಾವಣ ಮಾಸದ ಒಂದು ಗುರುವಾರ ರಾತ್ರಿ, ನನ್ನ ಮನೆಯಲ್ಲಿ, ನನ್ನ ಗಳಿಕೆ ರಜೆಯ ದುಡ್ಡಿನಲ್ಲಿ ಕೊಂಡ ಕಂಪ್ಯೂಟರು ನನ್ನ ಮಾತು ಕೇಳಲಿಲ್ಲ. ಮರುದಿನ ಒಂಬತ್ತನೆಯ ತರಗತಿಗೆ ಕಿರುಪರೀಕ್ಷೆ. ಪ್ರಶ್ನೆಪತ್ರಿಕೆಯನ್ನು ಮನೆಯಲ್ಲೇ ಬೆರಳಚ್ಚು ಮಾಡಿ, ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಜೆರಾಕ್ಸ್ ಮಾಡಿಸಿಕೊಳ್ಳುವುದು ನನ್ನ ಲೆಕ್ಕಾಚಾರ. ಊಟ ಮುಗಿಸಿ, ಒಲೆ ಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ಕನ್ನಡಕ ಏರಿಸಿಕೊಂಡು ಕುಳಿತೆ. ಹೊಸ ಯಂತ್ರದಲ್ಲಿ ಇನ್ನೂ ಕನ್ನಡ ಬರೆಯುವ ತಂತ್ರಾಂಶ ಇರಲಿಲ್ಲ. ಶಾಲೆಯ ಸಹೋದ್ಯೋಗಿಯೊಬ್ಬರು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಿದ್ದರು. ನಮ್ಮ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಹಳೆಯ ಬಗೆಯ ಅಕ್ಷರಗಳಲ್ಲಿ ಇವೆ. ಆ ಅಕ್ಷರಗಳು ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡ ಪತ್ರಿಕೆ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಆದ್ದರಿಂದ ಅದನ್ನು ಹಾಕಲೇಬೇಕಿತ್ತು.

ಕಡತದ ಮೇಲೆ ಎರಡು ಸಲ ಒತ್ತಿದೆ. ಪರದೆಯೆಲ್ಲ ಮಬ್ಬಾಯಿತು, ದೀಪ ಸಣ್ಣದು ಮಾಡಿದ ಹಾಗೆ. ನಡುವೆ ಒಂದು ಚೌಕ ಮೂಡಿತು. ಈ ತಂತ್ರಾಂಶ ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಲು ಒಪ್ಪುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿತು. ಒಪ್ಪದೆ ಏನು? ಆದರೆ ಅದರ ಕೆಳಗೆ ಇನ್ನೊಂದು ಸಾಲು: ಮುಂದುವರಿಯಬೇಕಾದರೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಡಿ. ಅಲ್ಲಿ ಹೆಸರೂ ಇತ್ತು. ನನ್ನದಲ್ಲ, ನನ್ನ ಮಗನದು.

ಅಡ್ಮಿನಿಸ್ಟ್ರೇಟರ್ ಎಂಬುದಕ್ಕೆ ಕಂಪ್ಯೂಟರಿನ ಕನ್ನಡದಲ್ಲಿ ನಿರ್ವಾಹಕ ಎನ್ನುತ್ತಾರೆ. ನಮಗೆ ನಿರ್ವಾಹಕರೆಂದರೆ ಸರ್ಕಾರಿ ಬಸ್ಸಿನ ಕಂಡಕ್ಟರು. ಬಸ್ಸು ಯಾರದಾದರೂ ಆಗಿರಲಿ, ಸ್ಟೇರಿಂಗ್ ಹಿಡಿದವರು ಯಾರಾದರೂ ಆಗಿರಲಿ, ಕಂಡಕ್ಟರು ಸೀಟಿ ಊದುವವರೆಗೆ ಬಸ್ಸು ಹೊರಡುವಂತಿಲ್ಲ. ನನ್ನ ಬಸ್ಸಿನ ಕಂಡಕ್ಟರು ಬೆಂಗಳೂರಿನಲ್ಲಿದ್ದ. ಕೀಲಿಮಣೆಯ ಮೇಲೆ ನೂರಕ್ಕೆ ಹತ್ತಿರ ಕೀಲಿಗಳಿದ್ದವು, ನನಗೆ ಬೇಕಾದ ಕೀಲಿ ಒಂದೇ ಇರಲಿಲ್ಲ.

ಮಗನಿಗೆ ಫೋನು ಮಾಡಿದೆ. ರಾತ್ರಿ ಹತ್ತಕ್ಕೂ ಅವನಿಗೆ ಮೀಟಿಂಗು. "ಅಮ್ಮಾ, ಅದನ್ನೇನೂ ಒತ್ತಬೇಡ, ಶನಿವಾರ ಬಂದು ನಾನೇ ಹಾಕ್ಕೊಡ್ತೀನಿ" ಎಂದ. "ಪಾಸ್‌ವರ್ಡ್ ಹೇಳಿಬಿಡೋ, ನಾನೇ ಹಾಕ್ಕೋತೀನಿ" ಎಂದೆ. "ಬೇಡಮ್ಮ, ನಿನಗೆ ಗೊತ್ತಾಗಲ್ಲ. ಎಲ್ಲೆಲ್ಲಿಂದಲೋ ತಂದಿದ್ದನ್ನ ಹಾಕಿದರೆ ವೈರಸ್ ಬಂದುಬಿಡತ್ತೆ. ನಿನ್ನ ಒಳ್ಳೇದಕ್ಕೇ ಹಾಗೆ ಮಾಡಿಟ್ಟಿರೋದು" ಎಂದ. ಫೋನು ಇಟ್ಟಮೇಲೆ ಬಿಳಿ ಹಾಳೆ ತೆಗೆದುಕೊಂಡು ಹತ್ತೊಂಬತ್ತು ಪ್ರಶ್ನೆಗಳನ್ನು ಕೈಯಲ್ಲೇ ಬರೆದೆ. ಮೂವತ್ತು ವರ್ಷದಿಂದ ಬರೆದು ಪಳಗಿದ ಕೈ, ಅಕ್ಷರವೇನೋ ಚೆನ್ನಾಗಿಯೇ ಬಂತು. ಆದರೆ "ನಿನ್ನ ಒಳ್ಳೇದಕ್ಕೇ" ಎಂಬ ಆ ಮಾತು ರಾತ್ರಿಯೆಲ್ಲ ಕಿವಿಯಲ್ಲಿ ಕೂತಿತ್ತು. ಅದನ್ನು ಎಲ್ಲಿಯೋ ಕೇಳಿದ್ದೇನೆ ಅನ್ನಿಸುತ್ತಿತ್ತು. ಎಲ್ಲಿ ಎಂಬುದು ಆಗ ಹೊಳೆಯಲಿಲ್ಲ.

ಮರುದಿನ ಸಂಜೆ ಶಾಲೆಯಿಂದ ಬರುತ್ತ ಬಿ.ಎಚ್. ರಸ್ತೆಯ ಹಿಂದಿನ ಓಣಿಯಲ್ಲಿ ಕಂಪ್ಯೂಟರು ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯ ಹತ್ತಿರ ಹೋದೆ. ಶಾಲೆಯಲ್ಲಿದ್ದಾಗ ಇತಿಹಾಸದ ಇಸವಿಗಳನ್ನೆಲ್ಲ ತಲೆಕೆಳಗು ಮಾಡಿ ಬರೆಯುತ್ತಿದ್ದ ಹುಡುಗ. ಈಗ ನನಗೆ ಪಾಠ ಹೇಳುವ ಸರದಿ ಅವನದು. ಬಹಳ ಚೆನ್ನಾಗಿ ಹೇಳಿದ.

"ಮೇಡಂ, ಒಂದು ಮನೆ ಅಂದ್ಕೊಳ್ಳಿ. ನಿಮ್ಮ ಫೋಟೋ, ನೀವು ಬರೆದಿದ್ದು, ಅವೆಲ್ಲ ಇರೋದು ನಿಮ್ಮ ಕೋಣೇಲಿ. ಅಲ್ಲಿ ಏನು ಮಾಡಿದರೂ ಯಾರೂ ಕೇಳಲ್ಲ. ಆದರೆ ವಿಂಡೋಸ್, ಪ್ರೋಗ್ರಾಂ ಫೈಲ್ಸ್ ಅಂತ ಎರಡು ಕೋಣೆ ಇದಾವೆ. ಅಡುಗೆಮನೆ, ಉಗ್ರಾಣ ಇದ್ದಹಾಗೆ. ಅಲ್ಲಿ ಒಬ್ಬರು ಏನಾದರೂ ಇಟ್ಟರೆ ಮನೆಮಂದಿಗೆಲ್ಲ ತಗಲತ್ತೆ. ನಿಮ್ಮ ಕನ್ನಡ ತಂತ್ರಾಂಶ ಅಕ್ಷರಗಳನ್ನ ಆ ಉಗ್ರಾಣದಲ್ಲೇ ಇಡಬೇಕು. ಅದಕ್ಕೇ ಅದು ಯಜಮಾನರನ್ನ ಕೇಳೋದು. ನಿಮ್ಮ ಮಗ ಮೊದಲು ತಮ್ಮ ಹೆಸರಲ್ಲಿ ಖಾತೆ ತೆಗೆದಿದಾರೆ, ಹಾಗಾಗಿ ಅವರು ಯಜಮಾನರು. ನಿಮಗೆ ಆಮೇಲೆ ಸಾದಾ ಖಾತೆ ಮಾಡಿಕೊಟ್ಟಿದಾರೆ."

ನಾನೇ ಯಜಮಾನಿಯಾಗುವುದು ಹೇಗೆ ಎಂದು ಕೇಳಿದೆ. ಅವನು ಎರಡು ದಾರಿ ಹೇಳಿದ. ಒಂದು ನೇರವಾದದ್ದು. ಮಗ ತನ್ನ ಖಾತೆಯಿಂದ ಸೆಟ್ಟಿಂಗ್ಸಿಗೆ ಹೋಗಿ, ಅಕೌಂಟ್ಸ್ ಎಂಬಲ್ಲಿ ನನ್ನ ಹೆಸರು ಹುಡುಕಿ, ಸಾದಾ ಎಂದಿರುವುದನ್ನು ಅಡ್ಮಿನಿಸ್ಟ್ರೇಟರ್ ಎಂದು ಬದಲಾಯಿಸಬೇಕು. ಇಲ್ಲವೇ ಒಂದು ಸಲದ ಕೆಲಸಕ್ಕಾದರೆ, ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂಬುದನ್ನು ಆರಿಸಿ, ಅವನೇ ಬಂದು ಪಾಸ್‌ವರ್ಡ್ ಹಾಕಬೇಕು. ಎರಡನೆಯದು ಅಡ್ಡದಾರಿ. "ಮಷಿನ್ ತಂದುಕೊಡಿ ಮೇಡಂ, ಪಾಸ್‌ವರ್ಡ್ ಕಿತ್ತು ಹಾಕಿ, ಇನ್ನು ಯಾವತ್ತೂ ಏನೂ ಕೇಳದ ಹಾಗೆ ಮಾಡಿಕೊಡ್ತೀನಿ. ಎಷ್ಟೋ ಜನ ಹಾಗೇ ಮಾಡಿಸ್ಕೊಂಡು ಹೋಗ್ತಾರೆ" ಎಂದ.

ಆಸೆಯಾಗಲಿಲ್ಲ ಎಂದರೆ ಸುಳ್ಳು. ನನ್ನ ವಸ್ತುವಿನ ಬೀಗ ನಾನು ಒಡೆಸಿದರೆ ಕಳ್ಳತನವೇನು? ಆದರೂ ಬೇಡ ಎಂದೆ. ಬೀಗ ಒಡೆಸಿದರೆ ಕಂಪ್ಯೂಟರು ನನ್ನದಾಗುತ್ತದೆ ನಿಜ. ಆದರೆ ನನಗೂ ಮಗನಿಗೂ ನಡುವೆ ಆಗಬೇಕಾಗಿದ್ದ ಮಾತು ಆಗದೆ ಉಳಿಯುತ್ತದೆ. ಅದೂ ಅಲ್ಲದೆ, 'ಯಾವತ್ತೂ ಏನೂ ಕೇಳದ ಹಾಗೆ' ಎಂಬುದು ನನಗೆ ಸರಿಕಾಣಲಿಲ್ಲ. ಕೇಳುವವರಿಲ್ಲದ ಮನೆಯ ಗತಿಯನ್ನು ನಾವು ಕಂಡವರಲ್ಲವೇ?

ಮನೆಗೆ ಬಂದು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮೇಷ್ಟ್ರಿಕೆ ಮಾಡಿದವರಿಗೆ ಇದೊಂದು ಚಟ. ಈ ಕೇಳುವ ಪದ್ಧತಿ ಕಂಪ್ಯೂಟರುಗಳಿಗೆ ಎಲ್ಲಿಂದ ಬಂತೆಂದು ನೋಡಿದರೆ, ಒಂದೇ ಯಂತ್ರವನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದ ಕಾಲದಿಂದ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಶುರುವಾದ ಯುನಿಕ್ಸ್‌ನಲ್ಲಿ ಎಲ್ಲ ಅಧಿಕಾರವೂ ಇರುವವನಿಗೆ 'ರೂಟ್' ಎಂದು ಹೆಸರು, ಬೇರು ಎಂದರ್ಥ. ಆಮೇಲೆ ಕಂಪ್ಯೂಟರು ಮನೆಗಳಿಗೆ ಬಂತು. ಮನೆಯಲ್ಲಿ ಒಬ್ಬರೇ ತಾನೇ ಕೂರುವುದು ಎಂದು ಈ ಕಟ್ಟುಪಾಡನ್ನು ಸಡಿಲ ಬಿಟ್ಟರು. 1995ರ ವಿಂಡೋಸಿನಲ್ಲಿ ಎದುರು ಕುಳಿತವರೇ ದೊರೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಬೇರೆ ಬೇರೆ ಖಾತೆಗಳಿದ್ದರೂ ಮನೆಗಳಲ್ಲಿ ಬಹುಪಾಲು ಜನ ಪೂರ್ಣ ಅಧಿಕಾರದಲ್ಲೇ ದಿನವಿಡೀ ಕೆಲಸ ಮಾಡುತ್ತಿದ್ದರು. ಯಜಮಾನನ ವೇಷದಲ್ಲಿ ಬಂದದ್ದನ್ನೆಲ್ಲ ಯಂತ್ರ ನಂಬಿತು. ವೈರಸ್ಸುಗಳಿಗೆ ಸುಗ್ಗಿಯಾಯಿತು. ಹಾಗಾಗಿ 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಲ್ಲಿ ಪರದೆ ಮಬ್ಬಾಗಿ ಪ್ರಶ್ನೆ ಕೇಳುವ ಪದ್ಧತಿ ತಂದರು. ಮಾತು ಮಾತಿಗೂ ಕೇಳುತ್ತದೆಂದು ಜನ ರೇಗಿಕೊಂಡದ್ದರಿಂದ 2009ರ ವಿಂಡೋಸ್ 7ರಲ್ಲಿ ಪ್ರಶ್ನೆಗಳನ್ನು ಕಡಿಮೆ ಮಾಡಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಸಂಗತಿ. ಈಗಿನ ಯಂತ್ರದಲ್ಲಿ ಯಜಮಾನ ಸಹ ಎಲ್ಲ ಹೊತ್ತಿನಲ್ಲೂ ಯಜಮಾನನಲ್ಲ. ಅವನೂ ಸಾದಾ ಮನುಷ್ಯನ ಹಾಗೆಯೇ ಬರೆಯುತ್ತಾನೆ, ಓದುತ್ತಾನೆ. ದೊಡ್ಡ ಕೆಲಸ ಬಂದಾಗ ಮಾತ್ರ ಯಂತ್ರ ಅವನನ್ನೂ ತಡೆದು 'ಹೌದಾ?' ಎಂದು ಕೇಳುತ್ತದೆ. ಹೌದೆಂದರೆ ಆ ಒಂದು ಕೆಲಸಕ್ಕೆ ಮಾತ್ರ ಅಧಿಕಾರ ಕೊಡುತ್ತದೆ. 1975ರಲ್ಲಿ ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬಿಬ್ಬರು ಬರೆದ ಲೇಖನವೊಂದರಲ್ಲಿ ಈ ನಿಯಮವನ್ನು ಹೇಳಿದ್ದಾರೆ: ಯಾರಿಗೇ ಆಗಲಿ, ಕೈಯಲ್ಲಿರುವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರವಿರಬೇಕು. ಅದೇ ಲೇಖನದಲ್ಲಿ ಇನ್ನೊಂದು ನಿಯಮವೂ ಇದೆ. ಒಂದು ಕೀಲಿಗಿಂತ ಎರಡು ಕೀಲಿಯ ಬೀಗ ಭದ್ರ, ಇಬ್ಬರ ಹತ್ತಿರ ಒಂದೊಂದು ಇರಲಿ ಎಂದು. ಬ್ಯಾಂಕಿನ ಲಾಕರು ನೋಡಿದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ಯಾಂಕಿನವರ ಕೀಲಿ ಇಲ್ಲದೆ ನಾವು ತೆಗೆಯಲಾರೆವು, ನಮ್ಮ ಕೀಲಿ ಇಲ್ಲದೆ ಅವರೂ ತೆಗೆಯಲಾರರು.

ಹೀಗೆ ಓದುತ್ತ ಕುಳಿತಾಗ ನನಗೆ ನಗು ಬಂತು. ಯಾಕೆಂದರೆ ಈ ಮಗನ ವಿಷಯದಲ್ಲಿಯೇ ನಾನು ಒಂದು ಸಲ ಅಪ್ಪಣೆ ಸಿಗದೆ ವಾಪಸ್ಸು ಬಂದವಳು. 1998ರಲ್ಲಿ ಇರಬೇಕು, ಅವನಿಗಾಗ ಎರಡು ವರ್ಷ. ನನ್ನ ಸಂಬಳದಿಂದ ಅವನ ಹೆಸರಿನಲ್ಲಿ ಸ್ವಲ್ಪ ಹಣ ಇಡೋಣವೆಂದು ಹೋದರೆ, ಗುಮಾಸ್ತರು ಅರ್ಜಿಯನ್ನು ಹಿಂದಕ್ಕೆ ತಳ್ಳಿ "ಮಗುವಿನ ತಂದೆ ಸಹಿ ಹಾಕಬೇಕಲ್ಲಮ್ಮ" ಎಂದಿದ್ದರು. ಆಗಿನ ತಿಳುವಳಿಕೆ ಅದು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲನೆಯ ಕಾಯಿದೆಯಲ್ಲಿ ಮಗುವಿನ ಸಹಜ ಪಾಲಕ ತಂದೆ, 'ಅವನ ನಂತರ' ತಾಯಿ ಎಂದಿತ್ತು. ಲೇಖಕಿ ಗೀತಾ ಹರಿಹರನ್ ಅವರು ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋದಾಗಲೂ ತಂದೆಯ ಸಹಿಯನ್ನೇ ಕೇಳಿದ್ದರಿಂದ ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರ ಫೆಬ್ರವರಿಯಲ್ಲಿ ಕೋರ್ಟು, 'ಅವನ ನಂತರ' ಎಂದರೆ ಅವನು ಸತ್ತ ನಂತರ ಎಂದೇ ಅರ್ಥವಲ್ಲ, ಅವನ ಗೈರುಹಾಜರಿಯಲ್ಲಿ ಎಂದೂ ಆಗುತ್ತದೆ ಎಂದು ಹೇಳಿತು. ಅಂದು ಯಾರ ಪರವಾಗಿ ಸಹಿ ಹಾಕಲು ನನಗೆ ಅಪ್ಪಣೆ ಇರಲಿಲ್ಲವೋ, ಅವನೇ ಇಂದು ಬೆಳೆದು ನನ್ನ ಪಾಲಕನಾಗಿ ಕೂತಿದ್ದಾನೆ! ತಂದೆಯ ಸಹಿಯಿಂದ ಹಿಡಿದು ಮಗನ ಪಾಸ್‌ವರ್ಡಿನ ತನಕ ಹೆಣ್ಣಿನ ಪ್ರಯಾಣ ಇಷ್ಟೇ ದೂರವೇ ಎಂದು ಒಂದು ಗಳಿಗೆ ಕಣ್ಣು ತುಂಬಿ ಬಂತು. ನನ್ನ ಮೇಲೆ ನನಗೇ ಕನಿಕರ ಹುಟ್ಟಿತು. ಅಂಥ ಕನಿಕರ ಬಹಳ ಹೊತ್ತು ನಿಲ್ಲಬಾರದು. ನನ್ನದೂ ನಿಲ್ಲಲಿಲ್ಲ. "ನಿನ್ನ ಒಳ್ಳೇದಕ್ಕೇ" ಎಂಬ ಮಾತನ್ನು ಎಲ್ಲಿ ಕೇಳಿದ್ದೆ ಎಂಬುದು ಆಗ ನೆನಪಾಯಿತು. ಅದನ್ನು ಬೇರೆ ಯಾರೂ ನನಗೆ ಹೇಳಿದ್ದಲ್ಲ. ಆಡಿದ್ದು ನಾನೇ.

ನನ್ನ ಅತ್ತೆಯವರ ವಿಷಯ ಹೇಳಬೇಕು. ನಾನು ಮದುವೆಯಾಗಿ ಬಂದಾಗ ಮನೆಯ ಬೀಗದ ಕೈ ಗೊಂಚಲು ಅವರ ಸೊಂಟದಲ್ಲಿತ್ತು. ಬೀರು, ಉಗ್ರಾಣ, ಕಾಫಿಪುಡಿ ಇಟ್ಟ ಸಣ್ಣ ಪೆಟ್ಟಿಗೆ, ಎಲ್ಲಕ್ಕೂ ಬೀಗ. ಅವರು ನಡೆದರೆ ಗೊಂಚಲು ಝಣ್ ಎನ್ನುತ್ತಿತ್ತು. ನಾನು ಬಿ.ಎ., ಬಿ.ಎಡ್. ಮಾಡಿ ಐವತ್ತು ಮಕ್ಕಳನ್ನು ಕಣ್ಣಲ್ಲೇ ಹದ್ದಿನಲ್ಲಿಡುವ ಟೀಚರು. ಮನೆಗೆ ಬಂದರೆ, ನನ್ನ ತವರಿನವರು ಬಂದಾಗ ಒಂದು ಪಾವು ಸಕ್ಕರೆಗೆ "ಅತ್ತೆ, ಸ್ವಲ್ಪ ಉಗ್ರಾಣ ತೆಗೀತೀರಾ?" ಎಂದು ನಿಲ್ಲಬೇಕಿತ್ತು. ಅವರು ಇಲ್ಲವೆಂದವರಲ್ಲ. ಕೊಡುತ್ತಿದ್ದರು. ಆದರೆ ಕೇಳಬೇಕಿತ್ತು. ಹನ್ನೊಂದು ವರ್ಷ ಹೀಗೆಯೇ ನಡೆಯಿತು. ಕೊನೆಗೆ ಅವರಿಗೆ ಕೀಲುನೋವು ಹೆಚ್ಚಾಗಿ ಎದ್ದು ಓಡಾಡುವುದು ಕಷ್ಟವಾದಾಗ ಗೊಂಚಲು ನನ್ನ ಕೈಗೆ ಬಂತು. ಕೊಟ್ಟರು ಎನ್ನುವುದಕ್ಕಿಂತ ಇಳಿಸಿದರು ಎನ್ನಬೇಕು.

ಅವರಿಗೆ ಮಾವನವರ ಕುಟುಂಬ ಪಿಂಚಣಿ ಬರುತ್ತಿತ್ತು. ಒಂದು ಮಧ್ಯಾಹ್ನ ನಾವು ಯಾರೂ ಇಲ್ಲದಾಗ, ಒಡವೆಗೆ ಮೆರುಗು ಹಾಕಿಕೊಡುತ್ತೇವೆಂದು ಬಾಗಿಲಿಗೆ ಬಂದವರ ಕೈಗೆ ಬಳೆ ಕೊಟ್ಟರು. ಬಳೆ ತಿರುಗಿ ಬಂದಾಗ ತೂಕ ಕಡಿಮೆಯಾಗಿತ್ತು. ಅಂದಿನಿಂದ ಅವರ ಪಾಸ್ ಪುಸ್ತಕ, ಎ.ಟಿ.ಎಂ. ಕಾರ್ಡು, ಲಾಕರಿನ ಕೀಲಿ ಎಲ್ಲವನ್ನೂ ನಾನೇ ಇಟ್ಟುಕೊಂಡೆ. "ನಿಮ್ಮ ಒಳ್ಳೇದಕ್ಕೇ ಅತ್ತೆ" ಎಂದೆ. ಅವರು "ನನಗ್ಯಾಕೆ ಅವೆಲ್ಲ, ನೀನೇ ಇಟ್ಕೊ" ಎಂದರು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ಒಂದು ಪೈಸೆಯನ್ನೂ ನಾನು ನನಗಾಗಿ ಮುಟ್ಟಲಿಲ್ಲ, ಔಷಧಿಗೆ, ಹಣ್ಣಿಗೆ ಎಂದೂ ಕಡಿಮೆ ಮಾಡಲಿಲ್ಲ. ಲೆಕ್ಕ ಬರೆದಿಟ್ಟಿದ್ದೇನೆ. ಬೇಕಾದವರು ನೋಡಬಹುದು.

ಆದರೆ ಅತ್ತೆಯವರು ಕೇಳಬೇಕಾಯಿತು. ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದ ಹೆಂಗಸು ಹೂವಾಡಗಿತ್ತಿಗೆ ಇಪ್ಪತ್ತು ರೂಪಾಯಿ ಕೊಡಲು ನಾನು ಶಾಲೆಯಿಂದ ಬರುವುದನ್ನು ಕಾದು ಕೂರುತ್ತಿದ್ದರು. ಒಂದು ವರ್ಷ, ದೇವರಾಯನದುರ್ಗದ ತೇರು ಹತ್ತಿರ ಬಂದಿತ್ತು. ಫಾಲ್ಗುಣದಲ್ಲಿ ಅಲ್ಲಿ ತೇರು. ಅತ್ತೆಯವರ ತವರಿನ ಕಡೆಯವರು ನರಸಿಂಹಸ್ವಾಮಿಯ ಒಕ್ಕಲು. ನಮ್ಮ ಕಡೆ ದೇವರಲ್ಲಿ ಹೂವಿನ ಅಪ್ಪಣೆ ಕೇಳುವ ರೂಢಿ ಇದೆಯಲ್ಲ, ಬಲಗಡೆಯ ಹೂ ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ ಎಂದು. ಅವರು ದೇವರ ಮನೆಯ ಪಟಕ್ಕೆ ಹೂ ಏರಿಸಿ ಕೇಳಿಕೊಂಡಿದ್ದರಂತೆ. ಸಂಜೆ ನನ್ನ ಹತ್ತಿರ ಬಂದು, "ಈ ಸಲ ತೇರಿಗೆ ಐನೂರಾ ಒಂದು ರೂಪಾಯಿ ಬರೆಸೋಣ ಅಂತಿದ್ದೆ ಕಣಮ್ಮ. ದೇವರು ಬಲಗಡೆ ಕೊಟ್ಟ. ಇನ್ನು ನೀನು ಕೊಡಬೇಕು" ಎಂದು ನಕ್ಕರು.

ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಆ ತಿಂಗಳು ಅವರ ಸ್ಕ್ಯಾನಿಂಗಿಗೆ ಖರ್ಚಾಗಿತ್ತು. ತಲೆ ಎತ್ತದೆ, "ಮುಂದಿನ ವರ್ಷ ನೋಡೋಣ ಅತ್ತೆ" ಎಂದೆ. ಅವರು "ಆಗಲಿ" ಎಂದು ಒಳಗೆ ಹೋದರು. ಮುಂದಿನ ವರ್ಷದ ತೇರಿನ ಹೊತ್ತಿಗೆ ಅವರು ಇರಲಿಲ್ಲ.

ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ನಮ್ಮ ಯಜಮಾನರಿಗೂ ಹೇಳಿರಲಿಲ್ಲ. ಐನೂರು ರೂಪಾಯಿ ಇರಲಿಲ್ಲವೇ? ಇತ್ತು. ಅವರದೇ ದುಡ್ಡು. ವಂಚಕರ ಕೈಗೆ ಹೋಗುತ್ತಿರಲಿಲ್ಲ, ದೇವರ ತೇರಿಗೆ ಹೋಗುತ್ತಿತ್ತು. ಹಾಗಾದರೆ ಯಾವುದರಿಂದ ನಾನು ಅವರನ್ನು ಕಾಪಾಡಿದೆ? ನನ್ನನ್ನು ನಾನೇ ಕೇಳಿಕೊಂಡರೆ ಬರುವ ಉತ್ತರ ಚೆನ್ನಾಗಿಲ್ಲ. ಆ 'ಮುಂದಿನ ವರ್ಷ ನೋಡೋಣ'ದಲ್ಲಿ ಮುಕ್ಕಾಲು ಪಾಲು ದಣಿವು, ಕಾಲು ಪಾಲು ಮಾತ್ರ ಹನ್ನೊಂದು ವರ್ಷದ ಸಕ್ಕರೆ. ಆ ಕಾಲು ಪಾಲು ಇತ್ತು ಎಂಬುದು ನನಗೆ ಗೊತ್ತು.

ಶನಿವಾರ ಮಗ ಬಂದ. ಶ್ರಾವಣ ಶನಿವಾರ, ದುರ್ಗಕ್ಕೆ ಹೋಗಿಬರೋಣ ಎಂದೆ. ತುಮಕೂರಿನಿಂದ ಎಷ್ಟು ದೂರ ಮಹಾ, ಹದಿನೈದು ಕಿಲೋಮೀಟರು ಆಸುಪಾಸು. ದಾರಿಯಲ್ಲಿ ನಾಮದ ಚಿಲುಮೆಯ ಕಾಡು. ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಶ್ರೀರಾಮ ಬಾಣ ಬಿಟ್ಟು ಬಂಡೆಯಿಂದ ನೀರು ಚಿಮ್ಮಿಸಿದನೆಂದು ಹೇಳುವ ಜಾಗ. ಕೆಳಗೆ ಭೋಗಾನರಸಿಂಹ, ಮೇಲೆ ಬೆಟ್ಟದ ತುದಿಗೆ ಯೋಗಾನರಸಿಂಹ. ಮೈಸೂರಿನ ಚಿಕ್ಕದೇವರಾಜ ಒಡೆಯರು ಈ ಬೆಟ್ಟವನ್ನು ಗೆದ್ದುಕೊಂಡ ಮೇಲೆ ದೇವರಾಯನದುರ್ಗ ಎಂದು ಹೆಸರಾಯಿತು. ಕೋಟೆ ಎಂದರೆ ಬಾಗಿಲು, ಬಾಗಿಲು ಎಂದರೆ ಅಪ್ಪಣೆ. ಈಗ ಕಾವಲಿನವರಿಲ್ಲ, ಕೋತಿಗಳಿವೆ. ಮೆಟ್ಟಿಲ ಮೇಲೆ ಕುಳಿತ ಕೋತಿಯೊಂದು ಯಾರ ಅಪ್ಪಣೆಯನ್ನೂ ಕೇಳದೆ ನನ್ನ ಚೀಲದ ಬಾಳೆಹಣ್ಣು ಎತ್ತಿಕೊಂಡಿತು. "ನೋಡಿದೆಯಾ ಅಮ್ಮ, ಪಾಸ್‌ವರ್ಡ್ ಇಲ್ಲದಿದ್ದರೆ ಹೀಗೇ ಆಗೋದು" ಎಂದ ಮಗ. ಇಬ್ಬರೂ ನಕ್ಕೆವು. ನಕ್ಕ ಮೇಲೆ ಮಾತು ಸುಲಭವಾಯಿತು.

ದರ್ಶನ ಮುಗಿಸಿ ಬಂಡೆಯ ಮೇಲೆ ಕುಳಿತು ಅವನಿಗೆ ಅಜ್ಜಿಯ ಐನೂರಾ ಒಂದು ರೂಪಾಯಿಯ ಕತೆ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೂ ಹಾಗೇ ಮಾಡಿದೆ ಅಂತೀಯಾ?" ಎಂದ.

"ನೀನು ಕಾಪಾಡಿದ್ದು ತಪ್ಪಲ್ಲಪ್ಪ. ನಾನು ಪೆನ್‌ಡ್ರೈವಿನಲ್ಲಿ ತಂದದ್ದು ಒಳ್ಳೆಯದೋ ಕೆಟ್ಟದ್ದೋ ನನಗೇನು ಗೊತ್ತು? ನೀನು ಹೇಳದೆ ಮಾಡಿದೆಯಲ್ಲ, ಅದು ತಪ್ಪು. ಹೇಳಿದ್ದರೆ ನಾನೇ 'ಇಟ್ಕೊಳೋ' ಅಂತಿದ್ದೆನೋ ಏನೋ" ಎಂದೆ.

"ಹೇಳಿದರೆ ನಿನಗೆ ಬೇಜಾರಾಗತ್ತೆ ಅಂತ ಹೇಳಲಿಲ್ಲಮ್ಮ" ಎಂದ. ಅದು ನಿಜವೂ ಇರಬೇಕು. ನಾವು ಎಷ್ಟೋ ಸಲ ಇನ್ನೊಬ್ಬರ ಅಧಿಕಾರವನ್ನು ಅವರಿಗೆ ನೋವಾಗಬಾರದೆಂದು ಸದ್ದಿಲ್ಲದೆ ತೆಗೆದುಕೊಂಡುಬಿಡುತ್ತೇವೆ. ಸದ್ದಾಗದ್ದರಿಂದ ಅದು ಹೋಗಿಯೇ ಇಲ್ಲವೆಂದು ಭಾವಿಸುತ್ತೇವೆ.

ಈ ಬೆಟ್ಟದ ಸೀಮೆಯಲ್ಲಿ ಎರಡು ನದಿಗಳು ಹುಟ್ಟುತ್ತವೆ. ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಹೋಗಿ ಉತ್ತರ ಪಿನಾಕಿನಿ ಸೇರುತ್ತದೆ. ಪಾಠ ಮಾಡುವಾಗ ಇದನ್ನು ಎಷ್ಟು ಸಲ ಹೇಳಿದ್ದೇನೋ. ಅಂದು ಅಲ್ಲಿ ಕುಳಿತಾಗ ಬೇರೆಯೇ ಯೋಚನೆ ಬಂತು. ಮಳೆ ಒಂದೇ, ಬಂಡೆಯೂ ಒಂದೇ. ಬಿದ್ದ ಹನಿ ಆ ಕಡೆಗೆ ಹೋಗುವುದೋ ಈ ಕಡೆಗೋ ಎಂಬುದನ್ನು ಒಂದು ಗೇಣು ಏರುತಗ್ಗು ತೀರ್ಮಾನ ಮಾಡುತ್ತದೆ. ಅಕ್ಕರೆಯೂ ಹಾಗೆಯೇ. ಒಂದೇ ಅಕ್ಕರೆ ಒಂದು ಕಡೆಗೆ ಹರಿದರೆ ಕಾಯುತ್ತದೆ, ಇನ್ನೊಂದು ಕಡೆಗೆ ಹರಿದರೆ ಆಳುತ್ತದೆ. ಹರಿಯುವವರಿಗೆ ತಾವು ಯಾವ ಕಡೆಗೆ ತಿರುಗಿದೆವೆಂಬುದು ತಿಳಿಯುವುದೇ ಇಲ್ಲ.

ಹಾಗಾದರೆ ತಿಳಿಯುವುದು ಹೇಗೆ? ನನಗೆ ತೋಚಿದ್ದನ್ನು ಹೇಳುತ್ತೇನೆ. ಒಬ್ಬರ ಒಳ್ಳೆಯದಕ್ಕೆಂದು ಅವರ ಕೀಲಿಯನ್ನು ನಾವು ಇಟ್ಟುಕೊಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಇದನ್ನು ಅವರಿಗೆ ಹೇಳಿ ಮಾಡಿದೆನೇ? ಎಷ್ಟು ಕೆಲಸಕ್ಕೆ ಬೇಕೋ ಅಷ್ಟನ್ನೇ ತೆಗೆದುಕೊಂಡೆನೇ? ಅವರು ಬೇಕೆಂದಾಗ ವಾಪಸ್ಸು ಕೊಡುತ್ತೇನೆಯೇ? ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ರಜೆ ಹೋದಾಗ ನಾನು ಪ್ರಭಾರ ವಹಿಸಿಕೊಂಡಿದ್ದೇನೆ. ಪುಸ್ತಕದಲ್ಲಿ ಬರೆದು ಚಾರ್ಜು ಕೊಡುತ್ತಾರೆ, ಬಂದ ದಿನ ಬರೆದು ತಿರುಗಿ ತೆಗೆದುಕೊಳ್ಳುತ್ತಾರೆ. ಅಷ್ಟು ದಿನ ವರ್ಗಾವಣೆ ಪತ್ರಕ್ಕೆ ನನ್ನದೇ ಸಹಿ, ನನ್ನದೇ ಮೊಹರು. ಮರುದಿನ ಮತ್ತೆ ನಾನು ಒಂಬತ್ತನೆಯ ತರಗತಿಯ ಟೀಚರು. ಇದರಿಂದ ಯಾರಿಗೂ ಅವಮಾನವಿಲ್ಲ. ಅಪರಿಚಿತರ ನಡುವೆ ಇಷ್ಟು ಕ್ರಮವಾಗಿ ಮಾಡುವ ನಾವು ಮನೆಯೊಳಗೆ ಯಾಕೆ ಮಾಡುವುದಿಲ್ಲ? ಮನೆಯಲ್ಲಿ ಪ್ರೀತಿ ಇದೆ, ಲೆಕ್ಕವೇಕೆ ಎನ್ನುತ್ತೇವೆ. ಪ್ರೀತಿ ಇರುವಲ್ಲಿಯೇ ಲೆಕ್ಕ ಬೇಕು, ಏಕೆಂದರೆ ಅಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ಅತ್ತೆಯವರ ವಿಷಯದಲ್ಲಿ ನಾನು ಏನು ಮಾಡಬಹುದಿತ್ತು? ಲಾಕರಿನ ಕೀಲಿ ನನ್ನ ಹತ್ತಿರವೇ ಇರಲಿ ಎಂದು ಅವರನ್ನು ಕೇಳಿ ಇಟ್ಟುಕೊಳ್ಳಬಹುದಿತ್ತು. ದೊಡ್ಡ ಮೊತ್ತ ತೆಗೆಯುವಾಗ ಇಬ್ಬರ ಸಹಿಯೂ ಇರಲಿ ಎನ್ನಬಹುದಿತ್ತು. ಆದರೆ ತಿಂಗಳ ಮೊದಲ ದಿನ ಒಂದಷ್ಟು ದುಡ್ಡನ್ನು ಅವರ ಕೈಗೆ ಕೊಟ್ಟು, ಆಮೇಲೆ ಲೆಕ್ಕ ಕೇಳದೆ ಇರಬೇಕಿತ್ತು. ಅದರಲ್ಲಿ ಅವರು ಹೂ ಕೊಳ್ಳಲಿ, ಮೊಮ್ಮಗನಿಗೆ ಕೊಡಲಿ, ಯಾರ ಕೈಯಲ್ಲಾದರೂ ಮೋಸಹೋಗಲಿ. ಹೌದು, ಮೋಸಹೋಗುವುದಕ್ಕೂ ಮನುಷ್ಯರಿಗೆ ಒಂದಿಷ್ಟು ಅವಕಾಶ ಇರಬೇಕು. ನನ್ನ ಕೋಣೆಯೊಳಗೆ ನಾನು ಏನು ಮಾಡಿದರೂ ಕಂಪ್ಯೂಟರು ಕೇಳುವುದಿಲ್ಲ. ಉಗ್ರಾಣಕ್ಕೆ ಹೋದಾಗ ಮಾತ್ರ ಕೇಳುತ್ತದೆ. ಆ ಯಂತ್ರಕ್ಕೆ ಇದ್ದಷ್ಟು ವಿವೇಕ ನನಗೆ ಇರಲಿಲ್ಲ. ನಾನು ಅವರ ಕೋಣೆಗೇ ಬೀಗ ಹಾಕಿದ್ದೆ.

ಇಳಿದು ಬರುವಾಗ ಕೆಳಗಿನ ದೇವಸ್ಥಾನದಲ್ಲಿ ಐನೂರಾ ಒಂದು ರೂಪಾಯಿಗೆ ರಸೀದಿ ಬರೆಸಿದೆ. ಕೊಟ್ಟವರ ಹೆಸರು ಅತ್ತೆಯವರದು. ಇದರಿಂದ ಏನೂ ಸರಿಹೋಗಲಿಲ್ಲ ಎಂಬುದು ನನಗೆ ಗೊತ್ತು. ಹೆಸರು ಅವರದಾದರೂ ಕೊಟ್ಟ ಕೈ ನನ್ನದೇ.

ರಾತ್ರಿ ಮಗ ನನ್ನ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ಅದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಟ್ಟ. ಪಾಸ್‌ವರ್ಡು ನಾನೇ ಇಟ್ಟೆ, ಅವನು ಮುಖ ಆ ಕಡೆ ತಿರುಗಿಸಿ ಕುಳಿತಿದ್ದ. ಆದರೆ ದಿನದ ಕೆಲಸಕ್ಕೆ ಹಳೆಯ ಸಾದಾ ಖಾತೆಯನ್ನೇ ಇಟ್ಟುಕೊಂಡೆ. ಅದರಲ್ಲಿ ಅಕಸ್ಮಾತ್ ಏನಾದರೂ ತಪ್ಪು ಒತ್ತಿದರೂ ದೊಡ್ಡ ಅನಾಹುತವಾಗದು. ಮೊದಲೂ ಅದೇ ಖಾತೆ, ಈಗಲೂ ಅದೇ. ಮೊದಲು ನನ್ನನ್ನು ಅಲ್ಲಿ ಇರಿಸಿದ್ದರು, ಈಗ ನಾನಾಗಿ ಇದ್ದೇನೆ. ವ್ಯತ್ಯಾಸ ಅಷ್ಟೇ, ಆದರೆ ನನಗೆ ಅಷ್ಟು ಸಾಕು. ಪ್ರಶ್ನೆ ಕೇಳುವ ಚೌಕವನ್ನು ಹೇಗೆ ಓದಬೇಕೆಂದೂ ಅವನು ತೋರಿಸಿಕೊಟ್ಟ. ತಂತ್ರಾಂಶ ಮಾಡಿದವರು ಯಾರೆಂದು ಅಲ್ಲಿ ಬರೆದಿರುತ್ತದೆ. ಗುರುತು ಸಿಕ್ಕವರದಾದರೆ ಮೇಲಿನ ಪಟ್ಟಿ ನೀಲಿ, ಗುರುತಿಲ್ಲದವರದಾದರೆ ಹಳದಿ. ಹಳದಿ ಕಂಡರೆ ನಿಂತು ಯೋಚಿಸಬೇಕು. ಎಲ್ಲಿಂದ ಬಂತು, ಯಾರು ಕೊಟ್ಟರು, ನಾನೇ ತರಿಸಿದ್ದೋ ತಾನಾಗಿ ಬಂದದ್ದೋ. ಮೆರುಗು ಹಾಕುತ್ತೇವೆಂದು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವ ಹಾಗೆ. ಸಹೋದ್ಯೋಗಿ ಕೊಟ್ಟ ಪೆನ್‌ಡ್ರೈವನ್ನು ಬದಿಗಿಟ್ಟು, ತಂತ್ರಾಂಶವನ್ನು ಅದನ್ನು ಮಾಡಿದವರ ತಾಣದಿಂದಲೇ ಹೊಸದಾಗಿ ಇಳಿಸಿಕೊಂಡು ಹಾಕಿದೆವು. ಪರದೆ ಮಬ್ಬಾಯಿತು, ಕೇಳಿತು. ನನ್ನ ಪಾಸ್‌ವರ್ಡ್ ಹಾಕಿ 'ಹೌದು' ಒತ್ತಿದೆ. ಹಳೆಯ ಪ್ರಶ್ನೆಪತ್ರಿಕೆ ತೆರೆದರೆ ಗೋಜಲೆಲ್ಲ ಹೋಗಿ ಕನ್ನಡ ಅಕ್ಷರಗಳು ಬಂದು ಕುಳಿತವು.

ಅತ್ತೆಯವರ ಬೀಗದ ಕೈ ಗೊಂಚಲು ಈಗಲೂ ನನ್ನ ಬೀರುವಿನಲ್ಲಿದೆ. ಅದರ ಎಷ್ಟೋ ಕೈಗಳಿಗೆ ಬೀಗವೇ ಇಲ್ಲ.

ನನ್ನ ಅಮ್ಮ ಗುಬ್ಬಿಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಎಂಬತ್ತು ದಾಟಿದೆ. ತಮ್ಮ, ನಾದಿನಿ ಇಬ್ಬರೂ ಒಳ್ಳೆಯವರು, ಚೆನ್ನಾಗಿ ನೋಡಿಕೊಳ್ಳುತ್ತಾರೆ. ಹೋದ ತಿಂಗಳು ಫೋನು ಮಾಡಿದಾಗ ಹಾಗೆಯೇ ಮಾತಿಗೆ, "ಅಮ್ಮ, ನಿನ್ನ ಪಾಸ್ ಪುಸ್ತಕ ಎಲ್ಲಿದೆ?" ಎಂದು ಕೇಳಿದೆ. "ನಿನ್ನ ತಮ್ಮನ ಹತ್ರ ಇರಬೇಕು ಕಣೆ. ನನಗ್ಯಾಕೆ ಅವೆಲ್ಲ" ಎಂದಳು. ಮೊದಲಾಗಿದ್ದರೆ ನಾನು ಅದನ್ನು ಒಪ್ಪಿಗೆ ಎಂದುಕೊಂಡು ಬೇರೆ ಮಾತಿಗೆ ಹೋಗುತ್ತಿದ್ದೆ. ಬರುವ ಭಾನುವಾರ ಗುಬ್ಬಿಗೆ ಹೋಗಬೇಕು. ತಮ್ಮನ ಹತ್ತಿರ ಮಾತಾಡುವುದಿದೆ. ಅದಕ್ಕೂ ಮೊದಲು ಅಮ್ಮನನ್ನೇ ಒಂದು ಮಾತು ಕೇಳಬೇಕು.